ಪುಟ್ಟನ ಮಾತಿನ ಲೆಕ್ಕದ ಪುಸ್ತಕ

ಪ್ರೀತಿಯ ಮಕ್ಕಳೇ, ನನ್ನ ಓರಗೆಯ ಅಜ್ಜ–ಅಜ್ಜಿಯರೇ,

ಕಳೆದ ತಿಂಗಳು ನನಗೆ ಬಂದ ಕಾಗದಗಳಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳದೂ ಇತ್ತು. ಅವಳು ಹೀಗೆ ಕೇಳಿದ್ದಳು: "ಅಜ್ಜಿ, ನಮ್ಮ ಕ್ಲಾಸಿಗೆ ಒಬ್ಬ ಹೊಸ ಹುಡುಗ ಬಂದಿದ್ದಾನೆ. ನಾನು ‘ಊಟ ಆಯ್ತಾ?’ ಅಂದರೆ ಅವನೂ ‘ಊಟ ಆಯ್ತಾ?’ ಅಂತಾನೆ. ಅವನಿಗೆ ಆಟಿಸಂ ಇದೆ ಅಂತ ಮಿಸ್ ಹೇಳಿದರು. ನನಗೆ ಮಾತ್ರ ಅವನು ಅಣಕಿಸ್ತಾನೆ ಅನ್ನಿಸುತ್ತೆ. ಅವನ ಜೊತೆ ಹೇಗೆ ಮಾತಾಡೋದು?"

ಮಗೂ, ನಿನ್ನ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಓಡಾಡಿಕೊಂಡಿದೆ. ನನ್ನ ಮಗನ ಮಗ, ಆರು ವರ್ಷದವನು. ನಾವು ಕರೆಯುವುದು ಪುಟ್ಟ ಅಂತ. ಅವನಿಗೂ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅದು ಜ್ವರ, ಕೆಮ್ಮಿನ ಹಾಗೆ ಬಂದು ಹೋಗುವ ಕಾಯಿಲೆಯಲ್ಲ, ಅಂಟುವುದೂ ಇಲ್ಲ. ಮೆದುಳು ಬೆಳೆಯುವ ರೀತಿಯೇ ಸ್ವಲ್ಪ ಬೇರೆ. ಹಾಗಾಗಿ ಇತರರೊಡನೆ ಬೆರೆಯುವುದು, ಮಾತು, ಶಬ್ದ, ಬೆಳಕು ಎಲ್ಲವೂ ಆ ಮಕ್ಕಳಿಗೆ ಬೇರೆ ಥರ ತಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಇಂಥವರು. ಅಂದರೆ ನಾಲ್ಕಾರು ತರಗತಿಗಳ ಒಂದು ಶಾಲೆಯಲ್ಲಿ ಒಬ್ಬರಾದರೂ ಇದ್ದರೆ ಆಶ್ಚರ್ಯವಿಲ್ಲ.

ಪುಟ್ಟನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಇದು ಮಕ್ಕಳಿಗಿಂತ ಹೆಚ್ಚಾಗಿ ನನ್ನ ಓರಗೆಯವರು ಓದಬೇಕಾದ್ದು.

ಅವನಿಗೆ ಎರಡು ತುಂಬಿದಾಗ ಒಂದು ದಿನ ಸೊಸೆ ಅಡುಗೆಮನೆಗೆ ಬಂದು, "ಅತ್ತೆ, ಇವನು ಕರೆದರೆ ತಿರುಗೋದೇ ಇಲ್ಲ. ಬೆರಳು ಮಾಡಿ ಏನೂ ತೋರಿಸಲ್ಲ. ಒಂದ್ಸಲ ಡಾಕ್ಟರ್ ಹತ್ರ ಹೋಗ್ಬರೋಣ" ಅಂದಳು. ನಾನು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮಕ್ಕಳ ವಿಷಯ ನನಗೆ ಗೊತ್ತಿಲ್ಲವೇ ಎಂಬ ಜಂಬ. "ಸುಮ್ನಿರಮ್ಮ, ನಿನ್ನ ಗಂಡ ಬಾಯಿ ಬಿಟ್ಟಿದ್ದೇ ಮೂರು ವರ್ಷಕ್ಕೆ. ಗಂಡುಹುಡುಗರಿಗೆ ಮಾತು ತಡ" ಅಂದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆ. ದೇವಸ್ಥಾನಕ್ಕೆ ಗಂಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತೆ. ಸೊಸೆ ಮತ್ತೆರಡು ಸಲ ಕೇಳಿದಳು. ಎರಡು ಸಲವೂ ನಾನೇ ಅಡ್ಡ ಬಂದೆ. ಹೀಗೆ ಒಂದು ವರ್ಷ ಕಳೆಯಿತು. ಮಕ್ಕಳ ಮೆದುಳು ಅತ್ಯಂತ ವೇಗವಾಗಿ ಕಲಿಯುವ ಕಾಲದ ಒಂದು ವರ್ಷ ಅದು. ಸೊಸೆ ಇವತ್ತಿಗೂ ಆ ಮಾತು ಎತ್ತಿಲ್ಲ. ಅವಳು ಎತ್ತದೇ ಇರುವುದರಿಂದಲೇ ನನಗೆ ಅದು ಮರೆತುಹೋಗುವುದಿಲ್ಲ.

ಕಡೆಗೆ ಮೂರು ತುಂಬಿದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ನಡೆದದ್ದನ್ನು ವಿವರವಾಗಿ ಹೇಳುತ್ತೇನೆ. ತಪಾಸಣೆ ಎಂದರೆ ಏನೋ ಎಂತೋ ಎಂದು ಹೆದರಿ ಕೂತ ಮನೆಗಳು ಬಹಳ ಇವೆ.

ಮೊದಲು ನೋಡಿದ್ದು ಕಿವಿ. "ಬಿಸ್ಕತ್ತಿನ ಪೊಟ್ಟಣ ಸದ್ದಾದರೆ ಓಡಿಬರ್ತಾನಲ್ಲ, ಕಿವಿ ಚೆನ್ನಾಗೇ ಇದೆ" ಅಂದೆ. ಆದರೂ ಪರೀಕ್ಷೆ ಬೇಕೇ ಬೇಕು ಎಂದರು. ಕೆಲವು ಶಬ್ದ ಕೇಳಿಸಿ ಕೆಲವು ಕೇಳಿಸದೆ ಇರಬಹುದು. ಕಿವಿಯ ತೊಂದರೆ, ಆಟಿಸಂ ಎರಡೂ ಒಟ್ಟಿಗೆ ಇರಬಹುದು. ಪುಟ್ಟ ಮಲಗಿದ್ದಾಗ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಯಲ್ಲಿ ಶಬ್ದ ಕೇಳಿಸಿ, ಅದು ಮೆದುಳಿನ ದಾರಿ ಹಿಡಿಯುತ್ತದೆಯೇ ಎಂದು ನೋಡಿದರು. ನೋವೇನೂ ಇಲ್ಲ. ಕಿವಿ ಸರಿಯಾಗಿತ್ತು.

ಆಮೇಲೆ ವಾಕ್ ಚಿಕಿತ್ಸಕಿ ನೆಲದ ಮೇಲೆ ಅವನ ಜೊತೆ ಆಟಕ್ಕೆ ಕೂತರು. ಸೋಪಿನ ಗುಳ್ಳೆ ಊದಿದರು. ಪುಟ್ಟ ಕುಣಿದ. ತಟ್ಟನೆ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಮುಂದಿಟ್ಟು ಸುಮ್ಮನೆ ಕೂತರು. ನನಗೋ ಬಾಯಿ ತುರಿಕೆ, "ಇನ್ನೂ ಬೇಕಾ ಕೇಳಿ" ಅನ್ನೋಣವೆಂದು. ಅವರು ಕೈಸನ್ನೆಯಲ್ಲೇ ತಡೆದರು. ಪುಟ್ಟ ಬಾಟಲಿ ನೋಡಿದ, ತಿರುಗಿಸಿದ, ಆಗಲಿಲ್ಲ. ಆಮೇಲೆ ಅವರ ಕೈ ಹಿಡಿದೆಳೆದು ಮುಚ್ಚಳದ ಮೇಲೆ ಇಟ್ಟ. ಅವರ ಮುಖ ಮಾತ್ರ ನೋಡಲಿಲ್ಲ. "ನೋಡಿದಿರಾ, ‘ತೆಗಿ’ ಅಂತ ಹೇಳಿದ" ಎಂದು ಅವರು ಬರೆದುಕೊಂಡರು. ಮೂರು ವರ್ಷ ಅವನ ಜೊತೆಗಿದ್ದ ನನಗೆ ಅದು ಹೇಳಿದ್ದು ಅಂತ ತಿಳಿದಿರಲಿಲ್ಲ.

ಇನ್ನೊಂದನ್ನೂ ಅವರೇ ತೋರಿಸಿಕೊಟ್ಟರು. "ಇವನಿಗೆ ನಾವು ಹೇಳೋದೆಲ್ಲ ಅರ್ಥ ಆಗುತ್ತೆ. ಹೊರಗೆ ಹೋಗೋಣ ಅಂದರೆ ಬಾಗಿಲ ಹತ್ರ ನಿಲ್ತಾನೆ" ಅಂದೆ. "ಅದನ್ನು ಹೇಳುವಾಗ ನಿಮ್ಮ ಕೈಯಲ್ಲಿ ಅವನ ಚಪ್ಪಲಿ ಇರುತ್ತದಾ?" ಎಂದು ಕೇಳಿದರು. ಇರುತ್ತಿತ್ತು! ಅವನಿಗೆ ಗೊತ್ತಾಗುತ್ತಿದ್ದದ್ದು ಚಪ್ಪಲಿ, ನನ್ನ ಮಾತಲ್ಲ. ಕೈಸನ್ನೆಯಿಲ್ಲದೆ "ಚೆಂಡು ಕೊಡು" ಎಂದಾಗ ಅವನು ಕದಲಲಿಲ್ಲ. ಮಗು ಎಷ್ಟು ಮಾತಾಡುತ್ತದೆ ಎನ್ನುವುದರಷ್ಟೇ ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಎನ್ನುವುದನ್ನೂ ಬೇರೆಯಾಗಿ ಅಳೆಯಬೇಕು ಎಂದು ನನಗೆ ಅಂದು ಗೊತ್ತಾಯಿತು.

ನಮ್ಮ ದೇಶಕ್ಕೆಂದೇ ಸಿಕಂದರಾಬಾದಿನ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ರೂಪಿಸಿದ ಒಂದು ಅಳತೆಪಟ್ಟಿಯೂ ಇದೆ. ಅದರಲ್ಲಿ 40 ಅಂಶಗಳು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಗುರುತಿಸುತ್ತಾರೆ. ಸರ್ಕಾರಿ ಸೌಲಭ್ಯದ ಪ್ರಮಾಣಪತ್ರಕ್ಕೂ ಅದು ಬೇಕು. ಆದರೆ ಪುಟ್ಟನಿಗೆ ನಾಳೆ ಬೆಳಿಗ್ಗೆಯಿಂದ ಏನು ಕಲಿಸಬೇಕು ಎನ್ನುವುದನ್ನು ಆ ಅಂಕ ಹೇಳುವುದಿಲ್ಲ. ಅದಕ್ಕೆ ವಾಕ್ ಚಿಕಿತ್ಸಕಿ ನಮಗೇ ಒಂದು ಮನೆಪಾಠ ಕೊಟ್ಟರು.

"ಒಂದು ವಾರ, ಇವನು ಯಾವ ರೀತಿಯಲ್ಲಾದರೂ ಏನಾದರೂ ‘ಹೇಳಿದ್ದನ್ನು’ ಬರೆದಿಡಿ. ಏನು ಮಾಡಿದ, ಯಾರ ಹತ್ತಿರ, ಯಾಕೆ. ಬಾಯಿಂದ ಮಾತು ಬರಲೇಬೇಕಿಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ, ಪುಸ್ತಕ ಖಾಲಿ ಉಳಿಯುತ್ತದೆ ಅಂದುಕೊಂಡಿದ್ದೆ. ಆ ಕೆಲಸವನ್ನು ವಹಿಸಿಕೊಂಡದ್ದು ಪುಟ್ಟನ ಅಕ್ಕ, ಆಗ ಎಂಟು ವರ್ಷದವಳು. ಹಳೆಯ ಲೆಕ್ಕದ ನೋಟುಪುಸ್ತಕದಲ್ಲಿ ಗೆರೆ ಎಳೆದು ಮನೆಯೆಲ್ಲ ಅವನ ಹಿಂದೆ ತಿರುಗಿದಳು. "ಫ್ರಿಜ್ ಬಾಗಿಲಿಗೆ ಹಣೆ ಒತ್ತಿದ – ಅಮ್ಮ – ಮೊಸರು ಬೇಕು." "ತಟ್ಟೆ ತಳ್ಳಿದ – ಅಜ್ಜಿ – ಪಲ್ಯ ಬೇಡ." "ಅಪ್ಪನ ಕೈ ತಂದು ಸ್ವಿಚ್ ಮೇಲಿಟ್ಟ – ಫ್ಯಾನ್." "ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋದ – ಎಲ್ಲರಿಗೂ – ಕುಕ್ಕರ್ ಸೀಟಿ ಬೇಡ."

ವಾರದ ಕೊನೆಗೆ ಎಣಿಸಿದರೆ 61! ಬೇಕು ಎಂದದ್ದು 38 ಸಲ, ಬೇಡ ಎಂದದ್ದು 19 ಸಲ, ‘ನನ್ನ ಕಡೆ ನೋಡಿ’ ಎಂದದ್ದು 4 ಸಲ. ಮಾತಾಡುವುದೇ ಇಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಮಗು ವಾರಕ್ಕೆ ಅರವತ್ತೊಂದು ಸಲ ಏನನ್ನೋ ಹೇಳಿತ್ತು.

ಆದರೆ ಅವಳು ಗೆರೆ ಎಳೆದಿದ್ದ ನಾಲ್ಕನೇ ಮನೆ ಖಾಲಿಯಿತ್ತು. ಅದರ ಮೇಲೆ ‘ತೋರಿಸಿದ್ದು’ ಎಂದು ಬರೆದಿದ್ದಳು. "ಅಜ್ಜಿ, ಅಲ್ಲಿ ನೋಡು, ವಿಮಾನ!" ಎಂದು ನೀವೆಲ್ಲ ಬೆರಳು ಮಾಡುತ್ತೀರಲ್ಲ ಮಕ್ಕಳೇ, ಆ ಥರದ್ದು. ವಿಮಾನ ನಿಮಗೆ ಬೇಕಾಗಿಲ್ಲ. ನೀವು ಕಂಡ ಖುಷಿಯನ್ನು ಇನ್ನೊಬ್ಬರೂ ಕಾಣಲಿ ಅಂತ ಅಷ್ಟೆ. ಸಾಮಾನ್ಯವಾಗಿ ಮಕ್ಕಳು ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಇದನ್ನು ಶುರು ಮಾಡುತ್ತಾರೆ. ಆಟಿಸಂ ಇರುವ ಮಕ್ಕಳಿಗೆ ತುಂಬ ಕಷ್ಟವಾಗುವುದು ಇದೇ. ವಾಕ್ ಚಿಕಿತ್ಸಕಿ ಪುಸ್ತಕ ನೋಡಿ, "ಬೇಕು, ಬೇಡಗಳಿಂದ ಶುರು ಮಾಡೋಣ. ಈ ಖಾಲಿ ಮನೆ ನಿಧಾನವಾಗಿ ತುಂಬಲಿ" ಎಂದರು.

ಶುರುವಾದದ್ದು ನನ್ನಿಂದ. ನನಗೆ ಸಿಕ್ಕ ಮೊದಲ ಪಾಠ: ಕಡಿಮೆ ಪ್ರಶ್ನೆ ಕೇಳಬೇಕು. "ಇದೇನು? ಇದ್ಯಾವ ಬಣ್ಣ? ಹೇಳು, ಹೇಳು" ಎಂದು ನಾನು ದಿನವಿಡೀ ಅವನನ್ನು ಪರೀಕ್ಷೆಗೆ ಕೂರಿಸುತ್ತಿದ್ದೆ. ಅದನ್ನು ಬಿಟ್ಟು ಅವನು ನೋಡುತ್ತಿರುವುದರ ಹೆಸರನ್ನು ಚಿಕ್ಕದಾಗಿ ಹೇಳಬೇಕಿತ್ತು: "ಚೆಂಡು. ಚೆಂಡು ಉರುಳಿತು."

ಎರಡನೆಯದು, ಕಾಯುವುದು. ಉಯ್ಯಾಲೆ ನಿಲ್ಲಿಸಿ ಮನಸ್ಸಿನಲ್ಲೇ ಹತ್ತು ಎಣಿಸುವುದು. ಕೋಡುಬಳೆಯನ್ನು ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಟ್ಟು, ಅವನಿಗೆ ಕಾಣುವ ಹಾಗೆ, ಆದರೆ ತೆಗೆಯಲಾಗದ ಹಾಗೆ ಇಡುವುದು. ಅಜ್ಜಿಯರಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇಲ್ಲ; ಮಗು ಕೇಳುವ ಮೊದಲೇ ಬಾಯಿಗೆ ಇಡುವ ಜಾತಿ ನಾವು. ಆದರೆ ಎಲ್ಲವೂ ಕೇಳದೆ ಸಿಕ್ಕಿದರೆ ಕೇಳುವುದಾದರೂ ಯಾಕೆ? ಹಾಗೆಂದು ಅಳುವವರೆಗೆ ಸತಾಯಿಸಬಾರದು. ಒಂದು ನೋಟ, ಒಂದು ಕೈಚಾಚು ಬಂದರೂ ಸಾಕು, ಕೊಡಬೇಕು.

ಮೂರನೆಯದು ಚಿತ್ರದ ಕಾರ್ಡು. 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬಿಬ್ಬರು ಚಿತ್ರ ಕೊಟ್ಟು ವಸ್ತು ಪಡೆಯುವ ಪದ್ಧತಿಯೊಂದನ್ನು ಬೆಳೆಸಿದರು. ಅದಕ್ಕೆ ಮೊದಲಿಗೆ ಇಬ್ಬರು ದೊಡ್ಡವರು ಬೇಕು. ಸೊಸೆ ಮುಂದೆ ಕೂತು ಕೋಡುಬಳೆ ಹಿಡಿಯುತ್ತಿದ್ದಳು. ನಾನು ಹಿಂದೆ ಕೂತು, ಪುಟ್ಟ ಕೈಚಾಚಿದ ತಕ್ಷಣ ಆ ಕೈಯಿಂದಲೇ ಕಾರ್ಡು ಎತ್ತಿಸಿ ಅಮ್ಮನ ಅಂಗೈಗೆ ಹಾಕಿಸುತ್ತಿದ್ದೆ. ಯಾರೂ "ಏನು ಬೇಕು?" ಎನ್ನಬಾರದು. ಕಾರ್ಡು ಅಂಗೈಗೆ ಬಿದ್ದ ಕೂಡಲೇ "ಕೋಡುಬಳೆ!" ಎಂದು ಹೇಳಿ ಕೊಟ್ಟುಬಿಡುವುದು. ಆಮೇಲೆ ನನ್ನ ಕೈ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಬೇಕು. ಹನ್ನೊಂದನೇ ದಿನ ಅವನೇ ಕಾರ್ಡು ಎತ್ತಿಕೊಂಡು, ಹಜಾರ ದಾಟಿ, ಬಟ್ಟೆ ಒಗೆಯುತ್ತಿದ್ದ ಅಮ್ಮನ ಒದ್ದೆ ಕೈಗೆ ಇಟ್ಟ. ಅವಳು ಸೋಪಿನ ಕೈಯಲ್ಲೇ ಡಬ್ಬಿ ಹುಡುಕಿಕೊಂಡು ಓಡಿದಳು.

"ಕಾರ್ಡು ಕೊಟ್ಟರೆ ಮಾತು ಕಲಿಯೋದೇ ಇಲ್ಲ" ಎಂದು ನೆಂಟರು ಹೆದರಿಸಿದರು. ನನಗೂ ಅದೇ ಅಳುಕಿತ್ತು. ಚಿತ್ರ, ಕೈಸನ್ನೆ, ಮಾತಾಡುವ ಯಂತ್ರಗಳನ್ನು ಬಳಸಿದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ಭರವಸೆಗೆ ಅರ್ಹವೆಂದು ಆರಿಸಿದ 27 ಜನರಲ್ಲಿ ಒಬ್ಬರಿಗೂ ಇದರಿಂದ ಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರಿಗೆ ಒಂದಿಷ್ಟಾದರೂ ಹೆಚ್ಚಿತ್ತು. ಅಂಬೆಗಾಲಿಟ್ಟರೆ ನಡೆಯುವುದು ಕಲಿಯುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ನಾವು ಮಾಡಿದ ಒಂದು ಎಡವಟ್ಟನ್ನೂ ಹೇಳಬೇಕು. ಕಾರ್ಡುಗಳೆಲ್ಲ ತಿಂಡಿ, ಆಟಿಕೆಗಳದ್ದೇ ಆಗಿದ್ದವು. ನೆಂಟರ ಮದುವೆಗೆ ಹೋದಾಗ ವಾಲಗದ ಸದ್ದಿಗೆ ಪುಟ್ಟ ಕಿವಿ ಮುಚ್ಚಿಕೊಂಡ. ನಾನು ಎತ್ತಿಕೊಂಡು ಮುಂದಿನ ಸಾಲಿಗೆ ಹೋದೆ. ಅವನು ನನ್ನ ಕೈ ಕಚ್ಚಿದ. "ಎಂಥ ಹಟಮಾರಿ, ಎರಡು ಬಿಟ್ಟರೆ ಸರಿಹೋಗ್ತಾನೆ" ಎಂದರು ಯಾರೋ. ಸೊಸೆ ಅವನನ್ನು ಎತ್ತಿಕೊಂಡು ಊಟ ಮಾಡದೆ ಹೊರಟುಬಿಟ್ಟಳು. ಮನೆಗೆ ಬಂದ ಮೇಲೆ ಅಕ್ಕ ಪುಸ್ತಕ ತೆಗೆದು ಬರೆದಳು: "ಕಚ್ಚಿದ – ಅಜ್ಜಿ – ಸಾಕು." ಆಗ ತಿಳಿಯಿತು, ಅವನಿಗೆ ‘ಸಾಕು’ ಅನ್ನುವ ಕಾರ್ಡನ್ನೇ ನಾವು ಕೊಟ್ಟಿರಲಿಲ್ಲ. ಮರುದಿನವೇ ‘ಬೇಡ’, ‘ಸಾಕು’, ‘ಹೊರಗೆ’ ಮೂರನ್ನೂ ಮಾಡಿದೆವು. ಕಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಆದರೆ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತಾ ಬಂತು.

ಈಗ, ಕಾಗದ ಬರೆದ ಮಗೂ, ನಿನ್ನ ಪ್ರಶ್ನೆಗೆ ಬರುತ್ತೇನೆ.

ನಾಲ್ಕು ವರ್ಷಕ್ಕೆ ಪುಟ್ಟನ ಬಾಯಿಂದ ಮಾತು ಬಂತು. ಬಂದದ್ದು "ನೀರು ಬೇಕಾ?" ಎಂದು, ಅದೂ ಅವನಿಗೇ ಬಾಯಾರಿದಾಗ! ಯೋಚಿಸಿ ನೋಡು: "ನೀರು ಬೇಕಾ?" ಎಂಬ ಶಬ್ದ ಕೇಳಿದಾಗಲೆಲ್ಲ ಅವನಿಗೆ ನೀರು ಸಿಕ್ಕಿದೆ. ಹಾಗಾದರೆ ನೀರು ಬರಿಸುವ ಮಾತು ಅದೇ ತಾನೇ? ಒಮ್ಮೆ ಟಿವಿ ನೋಡುತ್ತಿದ್ದಾಗ ಕರೆಂಟು ಹೋಗಿ ಅವನು ಅತ್ತಿದ್ದ. ಎಲ್ಲರೂ "ಕರೆಂಟ್ ಹೋಯ್ತು" ಎಂದಿದ್ದೆವು. ಅದಾದ ಮೇಲೆ ಕೋಡುಬಳೆ ಮುಗಿದರೆ "ಕರೆಂಟ್ ಹೋಯ್ತು", ಉಯ್ಯಾಲೆ ನಿಂತರೆ "ಕರೆಂಟ್ ಹೋಯ್ತು", ಅಮ್ಮ ಕೆಲಸಕ್ಕೆ ಹೊರಟರೂ "ಕರೆಂಟ್ ಹೋಯ್ತು". ಕೇಳಿದವರು ನಗುತ್ತಾರೆ. ನಮಗೆ ಅದರ ಅರ್ಥ ಗೊತ್ತು: ನನಗೆ ಇಷ್ಟವಾದದ್ದು ಮುಗಿದುಹೋಯಿತು.

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವಿಷಯ ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಯವಾಯಿತು. ಹೀಗೆ ಕೇಳಿದ್ದನ್ನೇ ತಿರುಗಿ ಹೇಳುವುದನ್ನು ಅವರು ಆಗಲೇ ಗುರುತಿಸಿದ್ದರು. ಅದು ಅಣಕವಲ್ಲ. ನಾವು ಮಾತನ್ನು ಬಿಡಿ ಹೂಗಳಂತೆ ಆಯ್ದು ಕಟ್ಟುತ್ತೇವೆ. ಈ ಮಕ್ಕಳಲ್ಲಿ ಅನೇಕರಿಗೆ ಮಾತು ಕಟ್ಟಿದ ಮಾಲೆಯಾಗಿಯೇ ಸಿಗುತ್ತದೆ. ಅದನ್ನು ಬಿಡಿಸಿಕೊಳ್ಳಲು ಸಮಯ ಬೇಕು. ನಿನ್ನ ಗೆಳೆಯ "ಊಟ ಆಯ್ತಾ?" ಎಂದು ತಿರುಗಿ ಹೇಳಿದನೆಂದರೆ ನೀನು ಅವನೊಡನೆ ಮಾತಾಡಿದೆ ಎಂದು ಅವನಿಗೆ ತಿಳಿದಿದೆ, ಅವನೂ ತನ್ನ ಸರದಿ ತೀರಿಸಿದ್ದಾನೆ. ಹಾಗಾಗಿ ನಗಬೇಡ. ಅವನು ಹೇಳಬೇಕಾದ ಮಾತನ್ನೇ ನೀನು ನಿಧಾನವಾಗಿ ಹೇಳಿ ತೋರಿಸು: "ಊಟ ಆಯ್ತು." ಏನಾದರೂ ಕೊಡುವಾಗ ಎರಡು ವಸ್ತು ಹಿಡಿದು ತೋರಿಸು: "ಚೆಂಡು? ಬುಗುರಿ?" ಆಮೇಲೆ ಹತ್ತು ಎಣಿಸಿ ಕಾಯಿ. ಅವನು ನಿನ್ನ ಕಣ್ಣು ನೋಡದಿದ್ದರೆ ಬಲವಂತ ಮಾಡಬೇಡ, ನೋಡದೆಯೂ ಕೇಳಿಸಿಕೊಳ್ಳುತ್ತಿರಬಹುದು. ಅವನು ಚಕ್ರ ತಿರುಗಿಸುತ್ತಾ ಕೂತಿದ್ದರೆ ನೀನೂ ಪಕ್ಕದಲ್ಲಿ ಕೂತು ಇನ್ನೊಂದು ಚಕ್ರ ತಿರುಗಿಸು. ಗೆಳೆತನ ಅಲ್ಲಿಂದಲೂ ಶುರುವಾಗುತ್ತದೆ.

ಅಜ್ಜ–ಅಜ್ಜಿಯರೇ, ನಿಮಗೆ ನಾಲ್ಕು ಮಾತು. ಮಗು ಒಂದು ವರ್ಷಕ್ಕೆ ಬಬಬ, ಮಮಮ ಎಂದು ತೊದಲದಿದ್ದರೆ, ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲದಿದ್ದರೆ. 16 ತಿಂಗಳಿಗೆ ಒಂದೂ ಪದ ಬಾರದಿದ್ದರೆ. ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸದಿದ್ದರೆ. ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ತಡಮಾಡದೆ ತೋರಿಸಿ. ಇವೆಲ್ಲ ಆಟಿಸಂ ಎಂದೇ ಅರ್ಥವಲ್ಲ. ಏನೂ ಇಲ್ಲ ಎಂದು ಹೇಳಿಸಿಕೊಂಡು ಬಂದರೆ ನಷ್ಟವಾಗುವುದು ಒಂದು ದಿನ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲೂ ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ.

ಇನ್ನೊಂದು: ತಾಯಿಯನ್ನು ದೂರಬೇಡಿ. ತಾಯಂದಿರ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೇ ಇಂಥ ಮಗುವಿನ ತಂದೆ, ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಸೊಸೆ ಕೆಲಸಕ್ಕೆ ಹೋದದ್ದರಿಂದ ಹೀಗಾಯಿತು ಎನ್ನುವವರು ಅರವತ್ತು ವರ್ಷ ಹಿಂದೆ ಬಿದ್ದಿದ್ದಾರೆ. ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದನ್ನೇ ಆಡಿ ಎನ್ನುವವರ ಮಾತನ್ನೂ ಕೇಳಬೇಡಿ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಕೆಟ್ಟದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಗೆ ಬರುವ ಭಾಷೆಯಲ್ಲಿ ಅಜ್ಜಿ ಮಾತಾಡಲಿ.

ಪುಟ್ಟ ಈಗ ಅರವತ್ತಕ್ಕೂ ಹೆಚ್ಚು ಕಾರ್ಡು ಬಳಸುತ್ತಾನೆ. ತಾನಾಗಿ ಆಡುವ ಮಾತು ಮೂವತ್ತರ ಹತ್ತಿರ ಇದೆ. ಮುಂದೆ ಎಷ್ಟು ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ಹೋದ ಮಳೆಗಾಲದ ಒಂದು ಸಂಜೆ ನಾನು ಹೂಬತ್ತಿ ಹೊಸೆಯುತ್ತಾ ಕೂತಿದ್ದೆ. ಪುಟ್ಟ ಬಂದು ನನ್ನ ಸೆರಗು ಹಿಡಿದು ಎಳೆದ. ಹಿತ್ತಲಿಗೆ ಕರೆದುಕೊಂಡು ಹೋದ. ಏನೋ ಬೇಕೇನೋ ಎಂದು ಸುತ್ತಲೂ ನೋಡಿದೆ. ತಿಂಡಿ ಇಲ್ಲ, ಚೆಂಡು ಇಲ್ಲ. ಒದ್ದೆ ಗೋಡೆಯ ಮೇಲೆ ಒಂದು ಬಸವನಹುಳು ಹತ್ತುತ್ತಿತ್ತು. ಅವನು ಅದರತ್ತ ಬೆರಳು ಮಾಡಿದ. ಆಮೇಲೆ ಒಂದು ಕ್ಷಣ ನನ್ನ ಮುಖ ನೋಡಿದ, ಮತ್ತೆ ಹುಳುವನ್ನು ನೋಡಿದ. ಅಷ್ಟೇ. ಅವನಿಗೆ ಏನೂ ಬೇಕಾಗಿರಲಿಲ್ಲ.

"ಬಸವನಹುಳು" ಎಂದೆ. ಇಬ್ಬರೂ ಅಲ್ಲೇ ನಿಂತು ನೋಡಿದೆವು, ಅದು ಕಿಟಕಿ ಮುಟ್ಟುವವರೆಗೂ.

ರಾತ್ರಿ ಅಕ್ಕ ಹಳೆಯ ನೋಟುಪುಸ್ತಕ ಹುಡುಕಿ ತೆಗೆದು, ನಾಲ್ಕನೇ ಮನೆಯಲ್ಲಿ ತಾರೀಕು ಹಾಕಿ ಬರೆದಳು: "ಬಸವನಹುಳು – ಅಜ್ಜಿಗೆ." ನಾನು ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟು, ಇಷ್ಟು ವರ್ಷ ಹೇಳದ ಮಾತನ್ನು ಹೇಳಿದೆ: "ಅವತ್ತು ನಿನ್ನ ಮಾತು ಕೇಳಬೇಕಿತ್ತಮ್ಮ." ಅವಳು ಪುಟ ನೋಡುತ್ತಲೇ, "ಈಗ ಕೇಳ್ತಿದೀರಲ್ಲ ಅತ್ತೆ" ಅಂದಳು.

ಮಕ್ಕಳೇ, ಈ ವಾರದ ಕೆಲಸ ಇದು. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಕಡಿಮೆ ಮಾತಾಡುವ ಒಬ್ಬರನ್ನು ಒಂದು ದಿನ ಗಮನಿಸಿ. ಅದು ಪುಟ್ಟ ತಂಗಿಯಾಗಿರಬಹುದು, ಕಿವಿ ಮಂದವಾದ ತಾತನಾಗಿರಬಹುದು. ಮಾತಿಲ್ಲದೆ ಅವರು ಏನೇನು ಹೇಳಿದರು ಎಂದು ಬರೆಯಿರಿ, ಕಡೆಯಲ್ಲಿ ಎಣಿಸಿ. ಎಷ್ಟಾಯಿತು ಅಂತ ನನಗೆ ಕಾಗದ ಹಾಕಿ. ನಾನೂ ಪುಟ್ಟನೂ ಕಾಯುತ್ತಿರುತ್ತೇವೆ.

ನಿಮ್ಮ ಪ್ರೀತಿಯ
ಅಜ್ಜಿ